ಏಡಿಯ ಸಂಖ್ಯಾಬಲ ಮತ್ತು ಬೆಳವಣಿಗೆಯ ಅಳತೆ: ಒಂದು ವಿಮರ್ಶೆ

ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಬರೆದು ತರುವ ಕಿರುಪ್ರಬಂಧಗಳಲ್ಲಿ ಏಡಿಯನ್ನು ಕುರಿತವು ನಮ್ಮ ಕೈಗೆ ಆಗಾಗ ಬರುತ್ತಲಿರುತ್ತವೆ. ಇಂಡಿ, ಸಿಂದಗಿಗಳ ಕಡೆಯಿಂದ ಬಂದವರು ಭೀಮೆಯ ದಂಡೆಯ ಏಡಿಯನ್ನೂ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯವರು ಕೃಷ್ಣೆಯ ಮತ್ತು ಡೋಣಿಯ ಹಳ್ಳಗಳ ಏಡಿಯನ್ನೂ ಅಭ್ಯಾಸಕ್ಕೆ ಆಯ್ದುಕೊಳ್ಳುವದು ಸ್ವಾಭಾವಿಕವೇ ಸರಿ. ಪ್ರಾಣಿಯು ಊರ ಹತ್ತಿರವೇ ದೊರೆಯುತ್ತದೆ. ಅಳೆಯಲು ಒಂದು ಕ್ಯಾಲಿಪರು, ತೂಗಲು ಒಂದು ಸಣ್ಣ ತಕ್ಕಡಿ ಇದ್ದರೆ ಸಾಕು. ಆದರೆ ಈ ಪ್ರಬಂಧಗಳ ಕೊನೆಯ ಪುಟಗಳಿಗೆ ಬಂದೊಡನೆ ಒಂದು ವೈಚಿತ್ರ್ಯವು ಕಾಣಬರುತ್ತದೆ. ಅಲ್ಲಿ ಬಳಸಿದ ಸೂತ್ರಗಳೂ, ಗುಣಕಗಳೂ, ಅನೇಕ ವೇಳೆ ಕೊಟ್ಟ ತೀರ್ಪೂ ಸಹ ಮಂಗಳೂರು, ಕಾರವಾರಗಳ ಕಡಲೇಡಿಯ ಅಭ್ಯಾಸಗಳಿಂದ ಎತ್ತಿ ತಂದವುಗಳಾಗಿರುತ್ತವೆ. ಹಳ್ಳದ ಏಡಿಯ ಬೆನ್ನಿನ ಮೇಲೆ ಕಡಲಿನ ಏಡಿಯ ಅಂಕಿಗಳನ್ನು ಹೇರಿ, 'ಈ ಪ್ರಾಣಿಯು ಮಿತಿಮೀರಿ ಹಿಡಿಯಲ್ಪಡುತ್ತಲಿದೆ' ಎಂದೋ 'ಇನ್ನೂ ಹೆಚ್ಚು ಹಿಡಿಯಲು ಅವಕಾಶವಿದೆ' ಎಂದೋ ಬರೆದು ಮುಗಿಸುವದು ಒಂದು ವಾಡಿಕೆಯಾಗಿ ಬಿಟ್ಟಿದೆ. ಇಂತಹ ಪ್ರಬಂಧಗಳಿಗೆ ಒಳ್ಳೆಯ ಅಂಕಗಳನ್ನು ಕೊಟ್ಟವರಲ್ಲಿ ನಾವೂ ಸೇರಿದ್ದೇವೆ. ಆದಕಾರಣ ಈ ವಿಮರ್ಶೆಯು ವಿದ್ಯಾರ್ಥಿಗಳ ಮೇಲಿನ ದೂರಲ್ಲ. ನಾವು ಕಲಿಸಿದ ರೀತಿಯನ್ನೇ ಮರಳಿ ನೋಡುವ ಪ್ರಯತ್ನವಾಗಿದೆ.

ಮೊದಲು ಮೂಲ ಅಭ್ಯಾಸಗಳನ್ನು ನೋಡೋಣ. ಏಕೆಂದರೆ ಅವುಗಳ ಯೋಗ್ಯತೆಯನ್ನು ತಿಳಿಯದೆ ಅವುಗಳ ದುರುಪಯೋಗವನ್ನು ಹೇಳುವದು ನ್ಯಾಯವಾಗದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಾರಾಟಕ್ಕಾಗಿ ಹಿಡಿಯಲ್ಪಡುವ ಏಡಿಗಳಲ್ಲಿ ಮುಖ್ಯವಾದವು ಬೆನ್ನ ಮೇಲೆ ಮೂರು ಕೆಂಗಂದು ಚುಕ್ಕೆಗಳುಳ್ಳ ಪೋರ್ಚುನಸ್ ಸಾಂಗ್ವಿನೊಲೆಂಟಸ್, ನೀಲಿ ಛಾಯೆಯ ಈಜೇಡಿಯಾದ ಪೋರ್ಚುನಸ್ ಪೆಲಾಜಿಕಸ್, ಬೆನ್ನ ಮೇಲೆ ಶಿಲುಬೆಯಂಥ ಗುರುತುಳ್ಳ ಕಾರಿಬ್ಡಿಸ್ ಫೆರಿಯಾಟಾ, ಹಾಗೂ ಅಳಿವೆಗಳ ಕೆಸರಿನಲ್ಲಿರುವ ಸ್ಕಿಲ್ಲಾ ಜಾತಿಗಳು. ತುಳುವರು 'ಡೆಂಜಿ' ಎಂದೂ ಕೊಂಕಣಿಗರು 'ಕುರ್ಲಿ' ಎಂದೂ ಕರೆಯುವದು ಇವುಗಳನ್ನೇ. ೧೯೫೨ರಲ್ಲಿ ಮೆನನ್ ಅವರು ಮಲಬಾರ ತೀರದ ಮೂರು ಚುಕ್ಕೆಯ ಏಡಿಯನ್ನು ಕುರಿತು ಬರೆದರು. ೧೯೫೩ರಲ್ಲಿ ಪ್ರಸಾದ ಮತ್ತು ತಂಪಿ ಅವರು ನೀಲಿ ಏಡಿಯ ಜೀವನಕ್ರಮವನ್ನು ವಿವರಿಸಿದರು. ಆಗ ಈ ಎರಡಕ್ಕೂ ನೆಪ್ಚುನಸ್ ಎಂಬ ಕುಲನಾಮವಿದ್ದಿತು. ೧೯೫೭ರಲ್ಲಿ ಛಾಪಗರ ಅವರು ಮುಂಬಯಿ ರಾಜ್ಯದ ಕಡಲೇಡಿಗಳನ್ನು ಕುರಿತ ತಮ್ಮ ದೀರ್ಘ ಲೇಖನವನ್ನು ಪ್ರಕಟಿಸಿದರು. ೧೯೫೬ರ ನವೆಂಬರ ೧ಕ್ಕಿಂತ ಮುಂಚೆ ಕಾರವಾರವೂ ವಿಜಾಪುರವೂ ಆ ಒಂದೇ ರಾಜ್ಯದಲ್ಲಿದ್ದವೆಂಬುದನ್ನು ನೆನೆದರೆ, ಕಡಲೇಡಿಯೂ ಭೀಮೆಯ ಏಡಿಯೂ ಆಡಳಿತದ ಮಟ್ಟಿಗಾದರೂ ಒಮ್ಮೆ ನೆರೆಹೊರೆಯವಾಗಿದ್ದವೆನ್ನಬೇಕು. ೧೯೬೧ರಲ್ಲಿ ಜಾರ್ಜ್ ಮತ್ತು ನಾಯಕ ಅವರು ಮಂಗಳೂರು ತೀರದ ಏಡಿ ಹಿಡುವಳಿಯನ್ನೇ ವಿಷಯವಾಗಿಟ್ಟುಕೊಂಡು ಬರೆದರು.

ಈ ಹಳೆಯ ಲೇಖನಗಳ ವಿಶೇಷವೇನೆಂದರೆ ಇವುಗಳಲ್ಲಿ ಪ್ರಾಣಿಯು ಎದ್ದು ಕಾಣುತ್ತದೆ. ಮೊಟ್ಟೆ ಹೊತ್ತ ಹೆಣ್ಣು ಯಾವಾಗ ದೊರೆಯಿತು, ಅದರ ಹೊಟ್ಟೆಯಲ್ಲಿ ಯಾವ ಆಹಾರವಿದ್ದಿತು, ಯಾವ ಅಗಲಕ್ಕೆ ಅದು ಪ್ರೌಢವಾಯಿತು ಎಂಬಂಥ ಪ್ರಶ್ನೆಗಳು ಆ ಕಾಲದ ಶಾಸ್ತ್ರಜ್ಞರ ಪ್ರಶ್ನೆಗಳಾಗಿದ್ದವು. ಸಂಖ್ಯೆಯ ಮಾತು ಬಂದದ್ದು ಬಹಳ ತಡವಾಗಿ. ಟ್ರಾಲ್ ದೋಣಿಗಳು ಹೆಚ್ಚಿ, ಏಡಿಯು ಮೀನಿನ ಜೊತೆಗೆ ಸಿಕ್ಕು ಬಿಸಾಡಲ್ಪಡುವ ವಸ್ತುವಾಗಿರದೆ ಬೆಲೆಯುಳ್ಳ ಸರಕಾದ ಮೇಲೆ, 'ಎಷ್ಟಿವೆ, ಎಷ್ಟು ಬೇಗ ಬೆಳೆಯುತ್ತವೆ, ಎಷ್ಟನ್ನು ಹಿಡಿಯಬಹುದು' ಎಂಬ ಮೂರು ಪ್ರಶ್ನೆಗಳು ಮುಂದೆ ಬಂದವು. ಇವಕ್ಕೆ ಕರ್ನಾಟಕದ ತೀರದಲ್ಲಿ ವ್ಯವಸ್ಥಿತವಾದ ಉತ್ತರವನ್ನು ಹುಡುಕಿದವರು ಸುಕುಮಾರನ್ ಮತ್ತು ನೀಲಕಂಠನ್. ೧೯೯೬–೯೭ರಲ್ಲಿ ಪ್ರಕಟವಾದ ಅವರ ಲೇಖನಗಳಲ್ಲಿ ಈ ಎರಡು ಈಜೇಡಿಗಳ ವಯಸ್ಸು, ಬೆಳವಣಿಗೆ, ಪ್ರೌಢತೆ, ಮರಣದರಗಳ ವಿಚಾರವಿದೆ. ೨೦೦೮ರಲ್ಲಿ ದಿನೇಶಬಾಬು ಮತ್ತು ಸಂಗಡಿಗರು ದಕ್ಷಿಣ ಕರ್ನಾಟಕ ತೀರದ ನೀಲಿ ಏಡಿಯನ್ನು ಕುರಿತು ಬರೆದರು. ಈ ಕಾರ್ಯವು ಸಾಮಾನ್ಯವಾದುದಲ್ಲ. ದಕ್ಕೆಯ ಗದ್ದಲದಲ್ಲಿ, ಹರಾಜಿನವರ ಅವಸರದ ನಡುವೆ ನಿಂತು, ತಿಂಗಳು ತಿಂಗಳೂ ಗಂಡು ಹೆಣ್ಣುಗಳನ್ನು ಬೇರ್ಪಡಿಸಿ ಅಳೆಯುವದು ಎಷ್ಟು ತಾಳ್ಮೆಯ ಕೆಲಸವೆಂಬುದು ಒಂದು ದಿನ ಹಾಗೆ ನಿಂತವರಿಗೆ ತಿಳಿದೀತು.

ಇನ್ನು ಇಂತಹ ಅಂಕಿಗಳನ್ನು ಪಡೆಯುವ ಕ್ರಮವನ್ನು ಪರಿಶೀಲಿಸೋಣ. ಮೀನಿನ ವಯಸ್ಸನ್ನು ಅದರ ಪರೆಯಲ್ಲಿಯೂ ಕಿವಿಯ ಕಲ್ಲಿನಲ್ಲಿಯೂ ಓದಬಹುದು. ಮರದ ಉಂಗುರಗಳಂತೆ ಅಲ್ಲಿ ಗೆರೆಗಳಿರುತ್ತವೆ. ಏಡಿಗೆ ಅಂತಹ ದಾಖಲೆಯಿಲ್ಲ. ಅದು ಬೆಳೆಯಬೇಕಾದರೆ ತನ್ನ ಗಟ್ಟಿ ಕವಚವನ್ನೆಲ್ಲ ಕಳಚಿ ಹಾಕಬೇಕು. ಕಳಚುವಾಗ ಹೊಟ್ಟೆಯೊಳಗಿನ ಅರೆಯುವ ಹಲ್ಲುಗಳ ಹೊದಿಕೆಯೂ ಕೂಡಿ ಹೋಗುತ್ತದೆ. ೨೦೧೨ರಲ್ಲಿ ಕಿಲಾಡಾ ಮತ್ತು ಸಂಗಡಿಗರು ಕಣ್ಣಿನ ಕಾಂಡದಲ್ಲಿಯೂ ಜಠರದ ಆ ಅರೆಯುವ ಅಂಗದಲ್ಲಿಯೂ ವಯಸ್ಸಿನ ಗೆರೆಗಳನ್ನು ಕಂಡುದಾಗಿ ಹೇಳಿದರು. ಆದರೆ ಕಳಚಿ ಹೋಗುವ ವಸ್ತುವಿನಲ್ಲಿ ವರ್ಷಗಳ ಲೆಕ್ಕ ಉಳಿಯುವದು ಹೇಗೆಂಬ ಆಕ್ಷೇಪವು ಕೂಡಲೆ ಎದ್ದಿತು. ಆದುದರಿಂದ ಹೆಚ್ಚಿನ ಅಭ್ಯಾಸಕಾರರಿಗೆ ಉಳಿದ ದಾರಿ ಒಂದೇ: ಬೆನ್ನಚಿಪ್ಪಿನ ಅಗಲಗಳನ್ನು ಗುಂಪು ಗುಂಪಾಗಿ ಹಚ್ಚಿ, ಯಾವ ಅಗಲದವು ಹೆಚ್ಚಾಗಿವೆ ಎಂಬ ಶಿಖರಗಳನ್ನು ಗುರುತಿಸಿ, ಆ ಶಿಖರಗಳು ತಿಂಗಳಿಂದ ತಿಂಗಳಿಗೆ ಎಷ್ಟು ಮುಂದಕ್ಕೆ ಸರಿದವೆಂಬುದನ್ನು ನೋಡುವದು. ಡೆನ್ಮಾರ್ಕಿನ ಪೀಟರ್ಸನ್ನರು ೧೮೯೦ರ ದಶಕದಲ್ಲಿ ಮೀನುಗಳಿಗಾಗಿ ಈ ಹಾದಿಯನ್ನು ತೋರಿಸಿದರು. ಬೆರೆತ ಶಿಖರಗಳನ್ನು ಬಿಡಿಸುವ ಸರಳವಾದ ಉಪಾಯವನ್ನು ನಮ್ಮ ದೇಶದವರೇ ಆದ ಭಟ್ಟಾಚಾರ್ಯರು ೧೯೬೭ರಲ್ಲಿ ಕೊಟ್ಟರು. ೧೯೮೧ರಲ್ಲಿ ಪೌಲಿ ಮತ್ತು ಡೇವಿಡ್ ಇದನ್ನು ಗಣಕಯಂತ್ರಕ್ಕೆ ಅಳವಡಿಸಿದರು. ಮುಂದೆ 'ಫೈಸ್ಯಾಟ್' ಎಂಬ ಕ್ರಮವಿಧಿಯ ರೂಪದಲ್ಲಿ ಅದು ಕಾಲೇಜು ಕಾಲೇಜಿಗೂ ಬಂದಿತು. ಈ ಶಿಖರಗಳ ಮೂಲಕ ಹಾಯಿಸುವ ನುಣುಪಾದ ವಕ್ರರೇಖೆಯು ಬರ್ಟಲಾನ್ಫಿಯವರು ೧೯೩೮ರಲ್ಲಿ ಕೊಟ್ಟ ಸಮೀಕರಣದ್ದು. ಅದಕ್ಕೆ ಬೇಕಾದ ಗುಣಕಗಳು ಮುಖ್ಯವಾಗಿ ಎರಡು: ಪ್ರಾಣಿಯು ಮುಟ್ಟಬಹುದಾದ ಅಂತಿಮ ಅಗಲ, ಹಾಗೂ ಅದರತ್ತ ಸಾಗುವ ವೇಗವನ್ನು ಸೂಚಿಸುವ ಗತಿಗುಣಕ.

ನಮ್ಮ ತೀರದ ನೀಲಿ ಏಡಿಗೆ ಈ ಕ್ರಮದಿಂದ ದೊರೆತ ಅಂತಿಮ ಅಗಲವು ೨೦೦ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಗತಿಗುಣಕವು ವರ್ಷಕ್ಕೆ ಸುಮಾರಾಗಿ ಒಂದು. ಲೆಕ್ಕಕ್ಕಾಗಿ ೨೧೦ ಮತ್ತು ೧ ಎಂದು ಹಿಡಿದರೆ, ಏಡಿಯು ಮೊದಲ ವರ್ಷದ ಕೊನೆಗೆ ೧೩೩ ಮಿ.ಮೀ., ಎರಡನೆಯದರ ಕೊನೆಗೆ ೧೮೨, ಮೂರನೆಯದರ ಕೊನೆಗೆ ೨೦೦ ಮಿ.ಮೀ. ಅಗಲವಾಗುತ್ತದೆ. ಬೇಗ ಬೆಳೆದು ಬೇಗ ಮುಗಿಯುವ ಬಾಳು ಇದು. ಸ್ಥೂಲವಾದ ಚಿತ್ರವೆಂದು ಇದನ್ನು ಒಪ್ಪಲು ನಮಗೆ ಅಡ್ಡಿಯಿಲ್ಲ. ಅಡ್ಡಿ ಬರುವದು ಇದನ್ನು ಒಂದೊಂದು ಏಡಿಯ ಚರಿತ್ರೆಯೆಂದು ತಿಳಿದಾಗ.

ಯಾವ ಏಡಿಯೂ ಈ ನುಣುಪಾದ ರೇಖೆಯ ಮೇಲೆ ನಡೆಯುವದಿಲ್ಲ. ಅದು ಮೆಟ್ಟಿಲು ಹತ್ತುತ್ತದೆ. ಹಳೆಯ ಕವಚದೊಳಗೆ ವಾರಗಟ್ಟಲೆ ಒಂದೇ ಅಗಲದಲ್ಲಿದ್ದು, ಕಳಚಿದ ಕೆಲವು ಗಂಟೆಗಳಲ್ಲಿ ನೀರು ಹೀರಿ ಹಿಗ್ಗಿ, ಅಗಲದಲ್ಲಿ ಐದನೆಯ ಒಂದು ಪಾಲಿನಷ್ಟು ಒಮ್ಮೆಲೆ ಹೆಚ್ಚುವದುಂಟು. ೧೦೦ ಮಿ.ಮೀ. ಇದ್ದ ಏಡಿಯು ೧೨೦ ಆಗುತ್ತದೆ. ನಡುವಿನ ೧೧೦ನ್ನು ಅದು ಕಾಣುವದೇ ಇಲ್ಲ. ಹೀಗಿರಲು, ನಮ್ಮ ಕೋಷ್ಟಕದಲ್ಲಿ ಏಳುವ ಶಿಖರವು ಒಂದೇ ತಿಂಗಳಲ್ಲಿ ಹುಟ್ಟಿದ ಮರಿಗಳ ತಂಡವೋ, ಬೇರೆ ಬೇರೆ ತಿಂಗಳಲ್ಲಿ ಹುಟ್ಟಿ ಒಂದೇ ಮೆಟ್ಟಿಲಿನ ಮೇಲೆ ನಿಂತ ಏಡಿಗಳ ಗುಂಪೋ? ದೊಡ್ಡ ಏಡಿಗಳಲ್ಲಿ ಒಂದೊಂದರ ಹೆಚ್ಚಳವೂ ಬೇರೆಯಾಗಿರುವದರಿಂದ ಮೆಟ್ಟಿಲುಗಳು ಕಲಸಿ ಹೋಗುತ್ತವೆ. ಸಣ್ಣವುಗಳಲ್ಲಿ ಅವು ಸ್ಪಷ್ಟವಾಗಿಯೇ ಉಳಿಯುತ್ತವೆ. ಯಂತ್ರವು ಈ ಎರಡನ್ನು ಬೇರ್ಪಡಿಸಲಾರದು. ಅದಕ್ಕೆ ಶಿಖರವೆಂದರೆ ಶಿಖರ. ಮೇಲಾಗಿ ನಮ್ಮ ಬೆಚ್ಚನೆಯ ಕಡಲಿನಲ್ಲಿ ಮೊಟ್ಟೆ ಹೊತ್ತ ಹೆಣ್ಣುಗಳು ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಕಾಣಬರುವದರಿಂದ, ಉತ್ತರದ ತಂಪು ಕಡಲುಗಳಲ್ಲಿಯಂತೆ ವರ್ಷಕ್ಕೊಂದು ಹೊಸ ತಂಡ ಬಂದು ಸೇರುವ ಸ್ಪಷ್ಟತೆ ಇಲ್ಲಿಲ್ಲ. ಕ್ರಮವು ಹುಟ್ಟಿದ್ದು ಆ ತಂಪು ಕಡಲಿನ ಮೀನಿಗಾಗಿ ಎಂಬುದು ಮರೆಯತಕ್ಕ ಮಾತಲ್ಲ.

ಎರಡನೆಯ ತೊಡಕು ಬುಟ್ಟಿಯದು. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಗಂಭೀರವಾದದ್ದು. ಅಭ್ಯಾಸಕಾರನು ಅಳೆಯುವದು ಕಡಲಿನ ಏಡಿಯನ್ನಲ್ಲ; ಬಲೆಯ ಕಣ್ಣಿನಿಂದ ಜಾರದೆ, ದೋಣಿಯ ಮೇಲೆ ಬಿಸಾಡಲ್ಪಡದೆ, ದಕ್ಕೆಯಲ್ಲಿ ವ್ಯಾಪಾರಿಯು ಮೊದಲು ಆರಿಸಿಕೊಳ್ಳದೆ ಉಳಿದ ಏಡಿಯನ್ನು. ಆಗತಾನೆ ಕಳಚಿದ ಮೆತ್ತಗಿನ ಏಡಿಯು ಮರಳಿನಲ್ಲಿ ಅಡಗಿರುತ್ತದೆ, ಆಹಾರವನ್ನು ಮುಟ್ಟುವದಿಲ್ಲ. ಆದುದರಿಂದ ಇರೆಯಿಟ್ಟ ಬೋನಿಗೆ ಅದು ಬರುವದಿಲ್ಲ. ಮೊಟ್ಟೆ ಹೊತ್ತ ನೀಲಿ ಹೆಣ್ಣು ಆಳದ ಕಡೆಗೆ ಸರಿಯುತ್ತದೆ. ದಡದ ಬಲೆಯವರ ಬುಟ್ಟಿಯಲ್ಲಿ ಆಗ ಗಂಡುಗಳೇ ಹೆಚ್ಚು. ಜೂನ ೧ರಿಂದ ಜುಲೈ ೩೧ರ ವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವದರಿಂದ ಟ್ರಾಲ್ ಬಲೆಯ ಕೋಷ್ಟಕದಲ್ಲಿ ಆ ಎರಡು ತಿಂಗಳು ಖಾಲಿಯಾಗಿ ಉಳಿಯುತ್ತವೆ. ಬೇಗ ಬೆಳೆಯುವ ಪ್ರಾಣಿಗೆ ಎರಡು ತಿಂಗಳೆಂದರೆ ಸಣ್ಣ ಅವಧಿಯಲ್ಲ.

ಬುಟ್ಟಿಯ ಈ ವಂಚನೆಯು ತೀರ್ಪನ್ನು ಎಷ್ಟರ ಮಟ್ಟಿಗೆ ತಿರುಗಿಸಬಲ್ಲದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇವೆ. ವಿದ್ಯಾರ್ಥಿಗಳು ಇದನ್ನು ಸ್ವತಃ ಮಾಡಿ ನೋಡಬೇಕು. ಬೆವರ್ಟನ್ ಮತ್ತು ಹೋಲ್ಟರ ಸೂತ್ರದ ಪ್ರಕಾರ ಒಟ್ಟು ಮರಣದರವನ್ನು ಹೀಗೆ ಪಡೆಯುತ್ತಾರೆ: ಅಂತಿಮ ಅಗಲದಿಂದ ಸರಾಸರಿ ಅಗಲವನ್ನು ಕಳೆದು ಗತಿಗುಣಕದಿಂದ ಗುಣಿಸುವದು, ಬಂದುದನ್ನು, ಸರಾಸರಿ ಅಗಲಕ್ಕೂ ಬಲೆಗೆ ಪೂರ್ತಿಯಾಗಿ ಸಿಗತೊಡಗುವ ಅಗಲಕ್ಕೂ ಇರುವ ಅಂತರದಿಂದ ಭಾಗಿಸುವದು. ಅಂತಿಮ ಅಗಲ ೨೧೦, ಗತಿಗುಣಕ ೧, ಬಲೆಗೆ ಸಿಗತೊಡಗುವ ಅಗಲ ೧೦೦, ಸರಾಸರಿ ೧೩೦ ಮಿ.ಮೀ. ಎಂದಿಟ್ಟುಕೊಂಡರೆ ಒಟ್ಟು ಮರಣದರವು ೮೦ನ್ನು ೩೦ರಿಂದ ಭಾಗಿಸಿದಾಗ ಬರುವ ೨.೬೭. ಈಗ, ನಾವು ದಕ್ಕೆಗೆ ಹೋಗುವ ಮುಂಚೆಯೇ ವ್ಯಾಪಾರಿಯೊಬ್ಬನು ದೊಡ್ಡ ದೊಡ್ಡ ಏಡಿಗಳನ್ನು ಹೊಟೇಲಿಗೆಂದೋ ಪರದೇಶಕ್ಕೆಂದೋ ಆರಿಸಿಕೊಂಡು ಹೋದನೆನ್ನೋಣ. ಉಳಿದವುಗಳ ಸರಾಸರಿ ೧೨೫ಕ್ಕೆ ಇಳಿಯಿತು. ಕೇವಲ ಐದು ಮಿಲಿಮೀಟರು! ಮರಣದರವು ೮೫ನ್ನು ೨೫ರಿಂದ ಭಾಗಿಸಿ ೩.೪೦ ಆಗುತ್ತದೆ. ಅಂದರೆ ನೂರರಲ್ಲಿ ಏಳು ಏಡಿಗಳು ವರ್ಷ ದಾಟುತ್ತವೆಂಬ ಲೆಕ್ಕವು ನೂರರಲ್ಲಿ ಮೂರಕ್ಕೆ ಇಳಿದಂತಾಯಿತು. ಕಡಲಿನಲ್ಲಿ ಒಂದು ಏಡಿಯೂ ಹೆಚ್ಚಾಗಿ ಸತ್ತಿಲ್ಲ. ಒಂದು ಬುಟ್ಟಿಯನ್ನು ಅರ್ಧ ಗಂಟೆ ಮುಂಚೆ ಎತ್ತಿದ್ದಾರೆ, ಅಷ್ಟೇ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಒಟ್ಟು ಮರಣದಲ್ಲಿ ಸಹಜ ಮರಣವೆಷ್ಟು, ಮನುಷ್ಯನು ಹಿಡಿಯುವದರಿಂದಾದ ಮರಣವೆಷ್ಟು ಎಂದು ಬೇರ್ಪಡಿಸಬೇಕಷ್ಟೆ. ಸಹಜ ಮರಣವನ್ನು ಅಳೆಯುವದು ಕಷ್ಟವಾದ್ದರಿಂದ ಬಹುಜನರು ಪೌಲಿಯವರು ೧೯೮೦ರಲ್ಲಿ ಕೊಟ್ಟ ಸೂತ್ರವನ್ನು ಬಳಸುತ್ತಾರೆ. ಅದು ಅಂತಿಮ ಉದ್ದ, ಗತಿಗುಣಕ, ನೀರಿನ ಉಷ್ಣತೆ ಈ ಮೂರರಿಂದ ಸಹಜ ಮರಣವನ್ನು ಊಹಿಸುತ್ತದೆ. ಆ ಸೂತ್ರವನ್ನು ಕಟ್ಟಿದ್ದು ೧೭೫ ಮೀನು ಸಂತತಿಗಳ ಆಧಾರದಿಂದ. ಮೀನುಗಳು! ಕವಚ ಕಳಚುವಾಗ ಮೆತ್ತಗಾಗಿ ವೈರಿಗಳಿಗೂ ತನ್ನ ಜಾತಿಯವರಿಗೂ ತುತ್ತಾಗುವ ಪ್ರಾಣಿಯು ಆ ೧೭೫ರಲ್ಲಿ ಒಂದೂ ಇಲ್ಲ. ಇರಲಿ, ಸಹಜ ಮರಣವನ್ನು ೧.೫ ಎಂದು ಹಿಡಿಯೋಣ. ಮೊದಲನೆಯ ಲೆಕ್ಕದಲ್ಲಿ ಹಿಡಿಯುವದರಿಂದಾದ ಮರಣ ೧.೧೭, ಒಟ್ಟಿನಲ್ಲಿ ಅದರ ಪಾಲು ೦.೪೪. ಎರಡನೆಯದರಲ್ಲಿ ೧.೯೦, ಪಾಲು ೦.೫೬. ಗಲ್ಯಾಂಡರು ೧೯೭೧ರಲ್ಲಿ ಹೇಳಿದಂತೆ ಈ ಪಾಲು ೦.೫ಕ್ಕಿಂತ ಕಡಿಮೆಯಿದ್ದರೆ ಇನ್ನೂ ಹಿಡಿಯಬಹುದು, ಹೆಚ್ಚಾದರೆ ಮಿತಿ ಮೀರಿದೆ ಎಂಬುದು ಬಳಕೆಯಲ್ಲಿರುವ ಅಳತೆಗೋಲು. ಒಂದು ಬುಟ್ಟಿಯ ಆಯ್ಕೆಯು ತೀರ್ಪನ್ನು ಗೆರೆಯ ಈಚೆಯಿಂದ ಆಚೆಗೆ ದಾಟಿಸಿಬಿಟ್ಟಿತು. ಇಂತಹ ತೀರ್ಪುಗಳ ಮೇಲೆಯೇ ಬಲೆಯ ಕಣ್ಣಿನ ಅಳತೆ, ಹಿಡಿಯಬಹುದಾದ ಏಡಿಯ ಕನಿಷ್ಠ ಅಗಲ, ದೋಣಿಗಳ ಸಂಖ್ಯೆ ಮುಂತಾದವು ಚರ್ಚೆಗೆ ಬರುತ್ತವೆ. ಒಬ್ಬ ಬೆಸ್ತನ ಮನೆಯ ಊಟವು ಎರಡನೆಯ ದಶಮಾಂಶ ಸ್ಥಾನದ ಮೇಲೆ ನಿಲ್ಲುತ್ತದೆ.

ಜಾತಿಯ ಹೆಸರಿನ ಗೊಂದಲವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ೧೯೯೮ರಲ್ಲಿ ಕೀನನ್ ಮತ್ತು ಸಂಗಡಿಗರು ಅಳಿವೆಯ ಕೆಸರೇಡಿಯಾದ ಸ್ಕಿಲ್ಲಾವು ನಾಲ್ಕು ಜಾತಿಗಳೆಂದು ತೋರಿಸಿದರು. ೨೦೧೦ರಲ್ಲಿ ಲಾಯ್, ಇಂಗ್ ಮತ್ತು ಡೇವಿ ಅವರು ಪೆಲಾಜಿಕಸ್ ಎಂದು ಒಂದೇ ಹೆಸರಿನಿಂದ ಕರೆಯಲ್ಪಡುತ್ತಿದ್ದ ನೀಲಿ ಏಡಿಯನ್ನೂ ನಾಲ್ಕಾಗಿ ಬಿಡಿಸಿದರು. ಆದುದರಿಂದ ಹಳೆಯ ಲೇಖನಗಳಲ್ಲಿ 'ಸೆರಾಟಾ' ಎಂದೋ 'ಪೆಲಾಜಿಕಸ್' ಎಂದೋ ಇದ್ದ ಮಾತ್ರಕ್ಕೆ ಎರಡು ತೀರಗಳ ಗುಣಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವದು ಸಲ್ಲದು. ಮಾದರಿಯ ನಾಲ್ಕಾರು ಏಡಿಗಳನ್ನು ಮದ್ಯಾರ್ಕದಲ್ಲಿ ಕಾಯ್ದಿಡುವ ಹಳೆಯ ಪದ್ಧತಿಯು ಎಷ್ಟು ವಿವೇಕದ್ದೆಂಬುದು ಇಂತಹ ಸಮಯದಲ್ಲಿ ತಿಳಿಯುತ್ತದೆ. ಅಳೆದು ಬಿಸಾಡಿದ ಏಡಿಯ ಹೆಸರನ್ನು ಮರಳಿ ಕೇಳುವಂತಿಲ್ಲ.

ಕಡಲಿನ ಮಾತು ಇಷ್ಟಾಯಿತು. ಅಲ್ಲಿಯ ಅಭ್ಯಾಸಕಾರರಿಗೆ ಒಂದು ಸಮರ್ಥನೆಯಿದೆ: ಕಡಲಿನಲ್ಲಿ ಏಡಿಯನ್ನು ಎಣಿಸುವದು ಸಾಧ್ಯವಿಲ್ಲ; ಆದುದರಿಂದ ಊಹಿಸಲೇಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಏಡಿಯನ್ನು ಅಭ್ಯಸಿಸುವವರಿಗೆ ಈ ಸಮರ್ಥನೆ ಇಲ್ಲ. ಈಗ ಈ ನಾಲ್ಕು ತಾಲೂಕುಗಳು ಒಡೆದು ಚಡಚಣ, ಆಲಮೇಲ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳಾಗಿದ್ದರೂ, ನೀರಿನ ದೃಷ್ಟಿಯಿಂದ ಹಳೆಯ ವಿಭಾಗವೇ ನಮಗೆ ಅನುಕೂಲ. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಎರೆಯ ನೆಲವನ್ನು ಕೊಯ್ದುಕೊಂಡು ಹೋಗುವ ಡೋಣಿ. ಇಲ್ಲಿಯ ಏಡಿಯು ಪೋರ್ಚುನಸ್ಸಿನ ಬಂಧುವಲ್ಲ. ದಖ್ಖನದ ಸಿಹಿನೀರ ಏಡಿಗಳಲ್ಲಿ ಪ್ರಸಿದ್ಧವಾದ ಬ್ಯಾರಿಟೆಲ್ಫ್ಯೂಸಾ ಕ್ಯೂನಿಕ್ಯುಲಾರಿಸ್ ಎಂಬುದನ್ನು ಸೈಕ್ಸ್ ಮತ್ತು ವೆಸ್ಟ್‌ವುಡ್ಡರ ಲೇಖನವು ೧೮೩೬ರಷ್ಟು ಹಿಂದೆಯೇ ಶಾಸ್ತ್ರಲೋಕಕ್ಕೆ ಪರಿಚಯಿಸಿತು. ೧೯೧೦ರಲ್ಲಿ ಆಲ್ಕಾಕರು ಭಾರತದ ಸಿಹಿನೀರ ಏಡಿಗಳಿಗಾಗಿಯೇ ಒಂದು ಸೂಚಿಯನ್ನು ರಚಿಸಿದರು. ಆಮೇಲೆ ಈ ಕುಲದ ಏಡಿಗಳು ಔರಂಗಾಬಾದ, ಹೈದರಾಬಾದಗಳ ಪ್ರಯೋಗಶಾಲೆಗಳಲ್ಲಿ ಉಸಿರಾಟ, ಲವಣಸಮತೋಲ, ರಸಗ್ರಂಥಿಗಳ ಪ್ರಯೋಗಕ್ಕೆ ಬಹಳವಾಗಿ ಬಳಕೆಯಾದವು. ಮೇಜಿನ ಮೇಲೆ ಅಷ್ಟು ಪರಿಚಿತವಾದ ಪ್ರಾಣಿಯನ್ನು ಹಳ್ಳದಲ್ಲಿ ಎಣಿಸಲು ಹೋದವರು ವಿರಳ. ೨೦೦೯ರಲ್ಲಿ ಕಂಬರ್ಲಿಡ್ಜ್ ಮತ್ತು ಸಂಗಡಿಗರು ಜಗತ್ತಿನ ಸುಮಾರು ೧೨೮೦ ಸಿಹಿನೀರ ಏಡಿಗಳ ಸ್ಥಿತಿಯನ್ನು ತೂಗಿದಾಗ, ಹೆಚ್ಚುಕಡಿಮೆ ಅರ್ಧದಷ್ಟನ್ನು 'ಮಾಹಿತಿ ಸಾಲದು' ಎಂಬ ಸಾಲಿಗೆ ಸೇರಿಸಬೇಕಾಯಿತು.

ಕಡಲೇಡಿಗೂ ಇದಕ್ಕೂ ಇರುವ ಮುಖ್ಯ ಭೇದವು ಸಂತಾನದಲ್ಲಿದೆ. ಕಡಲೇಡಿಯ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಅದರಿಂದ ಹೊರಟ ಜೋಯಿಯಾ ಎಂಬ ಲಾರ್ವಗಳು ವಾರಗಟ್ಟಲೆ ನೀರಿನ ಹರಿವಿನಲ್ಲಿ ತೇಲಿ ಎಲ್ಲಿಯೋ ಹೋಗಿ ನೆಲೆಯೂರುತ್ತವೆ. ಮಂಗಳೂರಿನಲ್ಲಿ ಹಿಡಿದ ಏಡಿಯ ತಾಯಿಯು ಮಂಗಳೂರಿನದೇ ಆಗಿರಬೇಕೆಂದಿಲ್ಲ. ನಮ್ಮ ಹಳ್ಳದ ಏಡಿಯಾದರೋ ದೊಡ್ಡ ಗಾತ್ರದ ಕೆಲವೇ ಮೊಟ್ಟೆಗಳನ್ನಿಡುತ್ತದೆ. ಲೆಕ್ಕವು ನೂರುಗಳಲ್ಲಿಯೇ ಮುಗಿಯುತ್ತದೆ. ಲಾರ್ವದ ಅವಸ್ಥೆಯೇ ಇಲ್ಲ. ಮೊಟ್ಟೆಯೊಡೆದು ಬರುವದು ಪೂರ್ಣರೂಪದ ಪುಟ್ಟ ಏಡಿ; ಅದನ್ನು ತಾಯಿಯು ಕೆಲವು ಕಾಲ ತನ್ನ ಹೊಟ್ಟೆಯ ಮಡಿಕೆಯಲ್ಲಿ ಹೊತ್ತು ತಿರುಗುತ್ತಾಳೆ. ಹೀಗಾಗಿ ಒಂದು ಹಳ್ಳದ ಏಡಿಗಳು ಬಹುಮಟ್ಟಿಗೆ ಆ ಹಳ್ಳದ ಮಕ್ಕಳೇ. ಮೊದಲ ಮಳೆಗೆ ಬಿಲದಿಂದ ಹೊರಬಂದವುಗಳನ್ನು ಚೀಲ ತುಂಬ ಹಿಡಿದು ಸಂತೆಗೆ ತಂದರೆ, ಮರಿ ಹೊತ್ತ ಒಂದು ಹೆಣ್ಣಿನ ಸಂಗಡ ಒಂದು ಇಡೀ ಸಂಸಾರವೇ ಚೀಲ ಸೇರಿರಬಹುದು; ಆ ಸ್ಥಾನವನ್ನು ತುಂಬಲು ಹೊರಗಿನಿಂದ ತೇಲಿ ಬರುವವರಿಲ್ಲ. ನೆಗಡಿ, ಕೆಮ್ಮುಗಳಿಗೆ ಏಡಿಯ ಸಾರು ಒಳ್ಳೆಯದೆಂಬ ನಂಬಿಕೆಯಿಂದ ಮಳೆಗಾಲದಲ್ಲಿಯೇ ಇದಕ್ಕೆ ಬೇಡಿಕೆ ಹೆಚ್ಚು ಎಂಬುದನ್ನೂ ಇಲ್ಲಿ ನೆನೆಯಬೇಕು. ಲಕ್ಷ ಮೊಟ್ಟೆಯ ಪ್ರಾಣಿಗಾಗಿ ಹೊಲಿದ ಅಂಗಿಯನ್ನು ನೂರು ಮೊಟ್ಟೆಯ ಪ್ರಾಣಿಗೆ ತೊಡಿಸಿದರೆ ಒಪ್ಪುವದೆಂತು?

ನೀರಿನ ಸ್ಥಿತಿಯೂ ಬೇರೆ. ಭೀಮೆಯು ಬೇಸಗೆಯಲ್ಲಿ ಬಾಂದಾರಗಳ ಹಿಂದಿನ ಮಡುಗಳಾಗಿ ನಿಲ್ಲುತ್ತದೆ. ಡೋಣಿ ಹರಿದ ವರ್ಷ ಕಾಳಿಗೆ ಕೊರತೆಯಿಲ್ಲವೆಂಬ ಮಾತಿದ್ದರೂ, ಅದರ ನೀರಿನ ಉಪ್ಪು ಕುಡಿಯುವವರಿಗೆ ಗೊತ್ತು. ದಕ್ಷಿಣದಲ್ಲಿ ಕೃಷ್ಣೆಯು ನದಿಯಾಗಿ ಉಳಿದಿರುವದು ಕಡಿಮೆ. ೧೯೬೪ರಲ್ಲಿ ಅಡಿಗಲ್ಲನ್ನು ಕಂಡ ಆಲಮಟ್ಟಿಯ ಅಣೆಕಟ್ಟಿನಲ್ಲಿ ಈಗ ಸಮುದ್ರಮಟ್ಟದಿಂದ ೫೧೯.೬೦ ಮೀಟರಿನ ವರೆಗೆ ನೀರು ನಿಲ್ಲುತ್ತದೆ; ಅದರ ಕೆಳಗೆ ನಾರಾಯಣಪುರದ ಬಸವಸಾಗರದ ಹಿನ್ನೀರು ಮುದ್ದೇಬಿಹಾಳದ ಅಂಚನ್ನು ಮುಟ್ಟುತ್ತದೆ. ಮೇ ತಿಂಗಳಲ್ಲಿ ದಂಡೆಯ ಮೇಲಿದ್ದ ಬಿಲವು ಜಲಾಶಯ ತುಂಬಿದಾಗ ನೀರಿನ ತಳದಲ್ಲಿರುತ್ತದೆ. ಆಗಸ್ಟಿನಲ್ಲಿ ಅಲ್ಲಿ ಏಡಿ ಕಾಣದಿದ್ದರೆ ಏಡಿ ಕಡಿಮೆಯಾಯಿತೆಂದು ಬರೆಯಬಾರದು. ದಂಡೆಯು ಸರಿಯಿತೆಂದು ಬರೆಯಬೇಕು. ಇದನ್ನು ನಾವು ಒತ್ತಿ ಹೇಳುವದೇಕೆಂದರೆ, ನೀರಿನ ಮಟ್ಟವನ್ನು ಬರೆದುಕೊಳ್ಳದ ಪ್ರಬಂಧಗಳೇ ನಮ್ಮ ಕೈಗೆ ಹೆಚ್ಚಾಗಿ ಬಂದಿವೆ.

ಎಣಿಸುವದೆಂದರೂ ಕಣ್ಣು ಮುಚ್ಚಿ ಎಣಿಸಲಾಗದು. ಗುರುತು ಹಾಕಿ ಬಿಟ್ಟು ಮರಳಿ ಹಿಡಿಯುವ ಕ್ರಮವನ್ನು ಪಠ್ಯಪುಸ್ತಕಗಳು ಎಲ್ಲ ಪ್ರಾಣಿಗಳಿಗೂ ಒಂದೇ ಎಂಬಂತೆ ಕಲಿಸುತ್ತ ಬಂದಿವೆ. ಒಂದು ಹಳ್ಳದಲ್ಲಿ ೬೦ ಏಡಿಗಳ ಬೆನ್ನಿಗೆ ಬಣ್ಣ ಹಚ್ಚಿ ಬಿಟ್ಟೆವೆನ್ನೋಣ. ಮರಳಿ ಹೋದಾಗ ೫೦ ಸಿಕ್ಕವು. ಅವುಗಳಲ್ಲಿ ೧೫ ನಾವು ಬಣ್ಣ ಹಚ್ಚಿದವೇ. ಆಗ ಹಳ್ಳದಲ್ಲಿರುವ ಏಡಿಗಳು ೬೦ನ್ನು ೫೦ರಿಂದ ಗುಣಿಸಿ ೧೫ರಿಂದ ಭಾಗಿಸಿದಷ್ಟು, ಎಂದರೆ ೨೦೦. ಆದರೆ ಈ ನಡುವೆ ಆ ೧೫ರಲ್ಲಿ ಐದು ಕವಚ ಕಳಚಿದ್ದರೆ ಅವುಗಳ ಬಣ್ಣವು ಕವಚದ ಸಂಗಡವೇ ಹೋಗಿರುತ್ತದೆ. ನಮಗೆ ಕಾಣುವ ಗುರುತಿನವು ಹತ್ತೇ. ಲೆಕ್ಕವು ೩೦೦ ಎನ್ನುತ್ತದೆ. ಇಲ್ಲದ ನೂರು ಏಡಿಗಳು ಕಾಗದದ ಮೇಲೆ ಹುಟ್ಟಿಕೊಂಡವು! ಈ ತಪ್ಪಿನ ಅಪಾಯವೆಂದರೆ ಅದು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಕಡಿಮೆಯಿದ್ದುದನ್ನು ಹೆಚ್ಚಾಗಿ ತೋರಿಸುತ್ತದೆ. ಕಳಚುವಾಗ ಬೆನ್ನಚಿಪ್ಪು ಬಿಚ್ಚಿಕೊಳ್ಳುವ ಗೆರೆಯಲ್ಲಿ ಮಾಂಸದೊಳಗೆ ಸಣ್ಣ ಎಳೆಯನ್ನು ಸೇರಿಸಿದರೆ ಗುರುತು ಉಳಿಯುವದುಂಟು. ಆದರೆ ಇದಕ್ಕೆ ಪಳಗಿದ ಕೈ ಬೇಕು. ಕಾಲೇಜಿನ ವಿದ್ಯಾರ್ಥಿಗೆ ಸುಲಭವಾದದ್ದು, ಮರಳಿ ಹಿಡಿಯುವದನ್ನು ಎರಡು ಮೂರು ದಿನಗಳೊಳಗೆ ಮುಗಿಸುವದು, ಮತ್ತು ಮೆತ್ತನೆಯ ಕವಚದ ಏಡಿಗಳೆಷ್ಟು ಸಿಕ್ಕವೆಂಬುದನ್ನು ಬೇರೆಯಾಗಿ ಬರೆದಿಡುವದು. ಆ ಬೇರೆ ಪಟ್ಟಿಯೇ ತಪ್ಪಿನ ಪ್ರಮಾಣವನ್ನು ಹೇಳುತ್ತದೆ.

ಬಿಲಗಳನ್ನು ಎಣಿಸುವದು ಇನ್ನೊಂದು ದಾರಿ. ಎರೆಯ ಮಣ್ಣಿನ ದಂಡೆಯಲ್ಲಿ ಬಿಲದ ಬಾಯಿ ಚೆನ್ನಾಗಿ ಕಾಣುತ್ತದೆ. ಹೊಸದಾಗಿ ಹೊರಹಾಕಿದ ಮಣ್ಣಿನ ಉಂಡೆಗಳಿದ್ದರೆ ಒಳಗೆ ಏಡಿಯಿದೆಯೆನ್ನಬಹುದು. ಖಾಲಿ ಬಿಲಗಳೂ ಇರುವದರಿಂದ ಹತ್ತರಲ್ಲಿ ಒಂದನ್ನಾದರೂ ಅಗೆದು ನೋಡತಕ್ಕದ್ದು. ಬೇಸಗೆಯ ಎರೆಯಲ್ಲಿ ಬಿರುಕುಗಳೂ ಬಿಲಗಳಂತೆಯೇ ತೋರುವದುಂಟು. ಇದರಲ್ಲಿ ನಾವೇ ಮೋಸ ಹೋದದ್ದಿದೆ.

ಹಾಗಾದರೆ ಸಿಂದಗಿಯ ಕಡೆಯ ಒಬ್ಬ ವಿದ್ಯಾರ್ಥಿಯು ಬೆಳವಣಿಗೆಯನ್ನು ಕುರಿತು ಬರೆಯಲೇಬಾರದೇ ಎಂದು ಕೇಳಬಹುದು. ಬರೆಯಬೇಕು, ಆದರೆ ಯಂತ್ರದಿಂದಲ್ಲ, ತೊಟ್ಟಿಯಿಂದ. ಐವತ್ತು ಸತ್ತ ಏಡಿಗಳ ಅಗಲದಿಂದ ಎಳೆದ ವಕ್ರರೇಖೆಗಿಂತ, ಒಂದು ಸಿಮೆಂಟಿನ ತೊಟ್ಟಿಯಲ್ಲಿ ಬೇರೆ ಬೇರೆಯಾಗಿ ಸಾಕಿದ ಹತ್ತು ಏಡಿಗಳು ಯಾವ ದಿನ ಕಳಚಿದವು, ಕಳಚುವ ಮುಂಚೆ ಅಗಲವೆಷ್ಟು, ಒಂದು ವಾರದ ಮೇಲೆ ಎಷ್ಟು ಎಂಬ ಹತ್ತು ಸಾಲಿನ ಕೋಷ್ಟಕವು ಹೆಚ್ಚು ಬೆಲೆಯುಳ್ಳದ್ದು. ಬೇರೆ ಬೇರೆಯಾಗಿ ಎಂದದ್ದಕ್ಕೆ ಕಾರಣವಿದೆ. ಕೂಡಿಸಿಟ್ಟರೆ ಕಳಚಿದವನನ್ನು ಕಳಚದವನು ತಿಂದು ಹಾಕುತ್ತಾನೆ. ಇದರಲ್ಲಿ ಅಂತಿಮ ಅಗಲವೂ ಬರುವದಿಲ್ಲ, ಗತಿಗುಣಕವೂ ಬರುವದಿಲ್ಲ. ಮೆಟ್ಟಿಲಿನ ಎತ್ತರ ಮತ್ತು ಎರಡು ಮೆಟ್ಟಿಲುಗಳ ನಡುವಿನ ದಿನಗಳು ಇಷ್ಟೇ ಬರುತ್ತವೆ. ಏಡಿಯ ಬೆಳವಣಿಗೆಯೆಂದರೆ ನಿಜವಾಗಿ ಇವೆರಡೇ.

ಅಧ್ಯಾಪಕರಲ್ಲಿ ಒಂದು ಮಾತು. ಪ್ರಬಂಧದ ತೂಕವನ್ನು ಅದರ ಸೂತ್ರಗಳಿಂದ ಅಳೆಯುವ ಅಭ್ಯಾಸವನ್ನು ನಾವು ಬಿಡದ ಹೊರತು ವಿದ್ಯಾರ್ಥಿಗಳು ಬಿಡಲಾರರು. ಯಂತ್ರವು ಯಾವ ಅಂಕಿಯನ್ನು ಕೊಟ್ಟರೂ ದಶಮಾಂಶದೊಂದಿಗೆ ಕೊಡುತ್ತದೆ, ಅದನ್ನು ಕಂಡು ಪರೀಕ್ಷಕನು ಮೆಚ್ಚುತ್ತಾನೆ. ಹಳ್ಳದ ಒಂದು ಫರ್ಲಾಂಗು ದಂಡೆಯನ್ನು ಆಯ್ದು, ಅದರ ನೀರಿನ ಮಟ್ಟವನ್ನು ಪ್ರತಿ ತಿಂಗಳೂ ಗೂಟದಿಂದ ಅಳೆದು, ಬಿಲಗಳನ್ನು ಎಣಿಸಿ, ಹಿಡಿದುದನ್ನೂ ಸಂತೆಗೆ ಹೋದುದನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದ ಹುಡುಗನಿಗೆ ಹೆಚ್ಚು ಅಂಕ ಸಿಗುವಂತಾಗಬೇಕು. ಇಂತಹ ನಾಲ್ಕು ಪುಸ್ತಕಗಳು, ತಾಲೂಕಿಗೊಂದರಂತೆ, ಹತ್ತು ವರ್ಷ ನಡೆದರೆ, 'ನಮ್ಮಪ್ಪನ ಕಾಲಕ್ಕೆ ಏಡಿ ಬಾಳ ಇದ್ದವರೀ' ಎಂದು ದಂಡೆಯ ಮೇಲಿನ ಮುದುಕನು ಹೇಳುವ ಮಾತು ನಿಜವೋ ಅಲ್ಲವೋ ಎಂಬುದನ್ನು ಹೇಳಲು ಬರುತ್ತದೆ. ಈ ಪುಸ್ತಕಗಳಿಗಾಗಿ ನಾವು ಇಟ್ಟುಕೊಂಡ ನಿಯಮಗಳು ಕೆಲವೇ: ಅಗಲವನ್ನು ಮಿಲಿಮೀಟರಿನಲ್ಲಿ, ಅತ್ಯಂತ ಅಗಲವಾದ ಭಾಗದಲ್ಲಿ ಅಳೆಯುವದು, ಗಂಡು, ಹೆಣ್ಣು, ಮರಿ ಎಂದು ಬೇರ್ಪಡಿಸುವದು, ಕವಚವು ಗಟ್ಟಿಯೋ ಮೆತ್ತಗೋ ಬರೆಯುವದು, ಮೊಟ್ಟೆ ಅಥವಾ ಮರಿ ಹೊತ್ತ ಹೆಣ್ಣು ಸಿಕ್ಕರೆ ಮಡಿಕೆಯನ್ನು ಬಲವಂತವಾಗಿ ಬಿಚ್ಚದೆ ಕಂಡಷ್ಟನ್ನು ಎಣಿಸಿ, ಹಿಡಿದ ಬಿಲದ ಬಾಯಲ್ಲಿಯೇ ಬಿಟ್ಟು ಬರುವದು.